ಮಗುಚಿ ಹಾಕಿದ ಜಿರಲೆ

ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಅಂಗಾತ ಬಿದ್ದಿದ್ದ ಜಿರಲೆ ಏಳಲಿಲ್ಲ. ಏಳಬಾರದು ಎಂದೇ ಅದರ ಕಾಲಿನ ಸಂದಿಗೆ ಅವನು ಸೂಜಿ ಚುಚ್ಚಿದ್ದು. ಅದು ಏಳದಿದ್ದುದಕ್ಕೆ ಅವನಿಗೆ ಸಮಾಧಾನವಾಗಬೇಕಿತ್ತು. ಬೇರೆ ದಿನಗಳಲ್ಲಿ ಆಗುತ್ತಿತ್ತು ಕೂಡ. ಚಿಮಟದಿಂದ ಮಗುಚಿ ಹಾಕುವುದು, ಕಾಯುವುದು. ಆರೋಗ್ಯವಾಗಿರುವ ಜಿರಲೆಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಗ್ಗುಲಾಗಿ ಎದ್ದು ಓಡುತ್ತದೆ. ಜೇಡದ ವಿಷ ಹತ್ತಿದ್ದಾದರೆ ಕಾಲುಗಳನ್ನೆಲ್ಲ ಮೇಲಕ್ಕೆ ಮಾಡಿಕೊಂಡು ಹಾಗೆಯೇ ಬಿದ್ದಿರುತ್ತದೆ. ಇಷ್ಟು ವರ್ಷ ಓದಿದ್ದು, ಹೆಸರಿನ ಬಾಲಕ್ಕೆ ಅಂಟಿಸಿಕೊಂಡ ಪದವಿಗಳು, ಎಲ್ಲವೂ ಕೊನೆಗೆ ಬಂದು ನಿಂತಿರುವುದು ಎದ್ದಿತೋ ಇಲ್ಲವೋ ಎಂಬ ಈ ಒಂದು ಪ್ರಶ್ನೆಯ ಮೇಲೆ. ಇವತ್ತು ಮಾತ್ರ ಅದನ್ನು ನೋಡುತ್ತ ನೋಡುತ್ತ ಅವನು ಉತ್ತರವನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದನ್ನೇ ಮರೆತ. ಬೆಳಿಗ್ಗೆ ಅವನು ಬಾಗಿಲಲ್ಲಿ ಷೂ ಕಟ್ಟಿಕೊಳ್ಳುತ್ತಿದ್ದಾಗ ಅತ್ತಿಗೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ನಿಂತಿದ್ದಳು. ಅಣ್ಣ ಹಾಸಿಗೆ ಹಿಡಿದ ಮೇಲೆ ಮೊದಲ ಸಲ ಅವಳ ಮುಖದ ಮೇಲೆ ಒಂದು ಕಳೆ ಇತ್ತು.

"ಇವತ್ತು ಸಂಜೆ ಆಸ್ಪತ್ರೆಯಿಂದ ಒಬ್ರು ಮೇಡಂ ಬರ್ತಾರೆ. ನಿಮ್ಮಣ್ಣನಿಗೆ ಒಳಗೆ ತಿಳುವಳಿಕೆ ಇದೆಯೋ ಇಲ್ವೋ ಅಂತ ಪರೀಕ್ಷೆ ಮಾಡ್ತಾರಂತೆ. ಮಾತು ಹೋದೋರಿಗೂ ಕಣ್ಣಲ್ಲೇ ಮಾತಾಡೋದು ಕಲಿಸ್ತಾರಂತೆ! ನೀನು ಬೇಗ ಬಂದ್ಬಿಡು."

"ಅತ್ತಿಗೆ, ಸುಮ್ನೆ ಆಸೆ ಇಟ್ಕೋಬೇಡಿ. ನಾನು ಹೇಳಿದ್ನಲ್ಲ."

"ನೀನು ಹೇಳಿದ್ದೆ ಅಂತ ನಾನು ಇಷ್ಟು ದಿನ ಯಾರನ್ನೂ ಕರೆಸಲಿಲ್ಲ. ಆದ್ರೆ ಈಗ ಆಸ್ಪತ್ರೆಯವರೇ ಕೇಳ್ತಿದ್ದಾರೆ. ತಿಳುವಳಿಕೆ ಇದೆ ಅಂದ್ರೆ ನರ್ಸನ್ನ ಮನೆಗೇ ಕಳಿಸ್ತಾ ಇರ್ತಾರೆ, ಕಲಿಸೋರನ್ನೂ ಕಳಿಸ್ತಾರೆ. ಇಲ್ಲ ಅಂದ್ರೆ ಆ ದೊಡ್ಡ ವಾರ್ಡಿಗೆ ಹಾಕ್ಬೇಕು. ನಾನೊಬ್ಬಳೇ ಅವರನ್ನ ಎತ್ತಿ ಹೊರಳಿಸೋಕೆ ಆಗುತ್ತಾ?"

ಆ ವಾರ್ಡನ್ನು ಅವನು ಒಮ್ಮೆ ನೋಡಿದ್ದ. ಉದ್ದನೆಯ ಕೋಣೆ, ಎರಡು ಬದಿಗೂ ಮಂಚಗಳು, ಹೊತ್ತುಹೊತ್ತಿಗೆ ಇಬ್ಬರು ಬಂದು ರೋಗಿಗಳನ್ನು ಮಗ್ಗುಲು ಬದಲಿಸಿ ಹೋಗುತ್ತಾರೆ, ಅಷ್ಟೇ. ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಅಲ್ಲಿಗೆ ಹೋದವರು ಮನೆಗೆ ಮರಳಿದ್ದನ್ನು ಯಾರೂ ಕೇಳಿರಲಿಲ್ಲ. ಅಣ್ಣನನ್ನು ಅಲ್ಲಿ ಕಲ್ಪಿಸಿಕೊಂಡಾಗ ಅವನ ಎದೆ ನಿಜವಾಗಿಯೂ ಹಿಂಡಿತು, ಅದರಲ್ಲಿ ನಾಟಕವೇನೂ ಇರಲಿಲ್ಲ. ಆದರೆ ಅದರ ಬೆನ್ನಿಗೇ, ಕರೆಯದೆ ಬರುವ ನೆಂಟನ ಹಾಗೆ, ಇನ್ನೊಂದು ಯೋಚನೆ ಒಳಗೆ ಬಂದು ಕಾಲು ಚಾಚಿ ಕೂತಿತ್ತು. ಅಣ್ಣನಿಗೆ ಎಲ್ಲ ಕೇಳಿಸುತ್ತಿದ್ದರೆ? ಕಣ್ಣಲ್ಲಿ ಮಾತಾಡುವುದನ್ನು ಕಲಿತುಬಿಟ್ಟರೆ? ಕಲಿತು, ಮೊದಲ ಮಾತು ನನ್ನ ಬಗ್ಗೆಯೇ ಆಡಿದರೆ?

ಗೋಡೆಯುದ್ದಕ್ಕೂ ಕಪಾಟುಗಳಲ್ಲಿ ಜೇಡಗಳು ತಮ್ಮ ತಮ್ಮ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಕೂತಿದ್ದವು. ಅವುಗಳಲ್ಲೊಂದಕ್ಕೆ, ಹೊಟ್ಟೆಯ ಮೇಲೆ ಹಳದಿ ಪಟ್ಟೆ ಇದ್ದುದಕ್ಕೆ, ಲ್ಯಾಬಿನವರೆಲ್ಲ ಯಜಮಾನಿ ಎನ್ನುತ್ತಿದ್ದರು. ಯಜಮಾನಿಯನ್ನು ಗ್ಯಾಸಿನಿಂದ ಮಂಪರು ಬರಿಸಿ, ಬಾಯಿಯ ಬಳಿ ಕೂದಲಿನಂಥ ಗಾಜಿನ ನಳಿಗೆ ಹಿಡಿದು, ಸಣ್ಣಗೆ ಕರೆಂಟು ತಾಗಿಸಿದರೆ ಒಂದು ಹನಿ ಬರುತ್ತದೆ. ಹನಿ ಎನ್ನುವುದೂ ದೊಡ್ಡ ಮಾತು. ನೀರಿನ ಹಾಗೆ ತಿಳಿಯಾದ ಆ ಪಸೆಗಾಗಿ ಅವನ ಜೀವಮಾನದ ಒಳ್ಳೆಯ ವರ್ಷಗಳು ಹೋಗಿದ್ದವು. ಮನುಷ್ಯನಿಗೆ ಅದರಿಂದ ಏನೂ ಆಗುವುದಿಲ್ಲ. ಹುಳುಹುಪ್ಪಟೆಯನ್ನು ಮಾತ್ರ ಅದು ಹಗ್ಗವಿಲ್ಲದೆ ಕಟ್ಟಿಹಾಕುತ್ತದೆ. ಕೊಲ್ಲುವುದಿಲ್ಲ, ಕೊಂದರೆ ಊಟ ಹಳಸುತ್ತದಲ್ಲ, ಯಜಮಾನಿಗೆ ತಾಜಾ ಬೇಕು. ಈ ಮಾತನ್ನು ಅವನು ಅಣ್ಣನಿಗೆ ಹಿಂದೊಮ್ಮೆ ವಿವರಿಸಿದ್ದ, ಅಣ್ಣ ಅದನ್ನು ಎತ್ತಿಕೊಂಡು ಇಡೀ ತರಕಾರಿ ಮಾರುಕಟ್ಟೆಗೆ ಹಂಚಿದ್ದ. ಅಣ್ಣ ಅಲ್ಲಿ ಹರಾಜು ಕೂಗುವವನು. ಟೊಮೆಟೊ ಬುಟ್ಟಿಗಳ ನಡುವೆ ಮುಕ್ಕಾಲಿಯ ಮೇಲೆ ನಿಂತು ಅವನು ಬಾಯಿ ತೆರೆದರೆ ಮಾರುಕಟ್ಟೆಯ ಆ ಕೊನೆಯಲ್ಲಿ ಮಲಗಿದ್ದ ನಾಯಿ ಎದ್ದು ಕೂರುತ್ತಿತ್ತು. ಎಲ್ಲರೂ ಅವನನ್ನು ಗಂಟಲು ಎಂದೇ ಕರೆಯುತ್ತಿದ್ದರು, ಗಂಟಲು ಬಂದ, ಗಂಟಲು ಹೋದ. ಆ ಗಂಟಲು ತನ್ನ ತಮ್ಮನಿಗೆ ಇಟ್ಟ ಹೆಸರು ಹುಳು.

ಪ್ರೀತಿಯಿಂದಲೇ ಇಟ್ಟದ್ದು. ಪ್ರೀತಿ ಇಲ್ಲ ಎಂದು ಹೇಳಲು ತಮ್ಮನಿಗೆ ಬಾಯಿ ಇರಲಿಲ್ಲ. ಅವನು ಓದಲಿ ಎಂದು ಅಣ್ಣ ಹದಿಹರೆಯದಲ್ಲೇ ಶಾಲೆ ಬಿಟ್ಟು ಬುಟ್ಟಿ ಹೊತ್ತಿದ್ದ. ಅದನ್ನು ಅಣ್ಣ ಯಾವತ್ತೂ ಎತ್ತಿ ಆಡಲಿಲ್ಲ ಎನ್ನುವುದೇ ಅವನಿಗೆ ಇನ್ನೂ ಭಾರವಾಗಿತ್ತು. ಆದರೆ ನಾಲ್ಕು ಜನ ಸೇರಿದ ಕಡೆ ಅಣ್ಣನಿಗೆ ತಮ್ಮನೇ ತಮಾಷೆಯ ಸರಕು. "ನಮ್ಮ ಹುಳು ಸಾಹೇಬ್ರು ಜಿರಲೆಗೆ ಇಂಜೆಕ್ಷನ್ ಕೊಡೋ ಡಾಕ್ಟ್ರು. ನಿಮ್ಮನೆ ಜಿರಲೆಗೆ ಜ್ವರ ಬಂದ್ರೆ ಹೇಳಿ!" ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಒಂದು ಸಲ, ಲ್ಯಾಬಿನ ಗೆಳೆಯರನ್ನು ಮನೆಗೆ ಊಟಕ್ಕೆ ಕರೆದಿದ್ದಾಗ, ಅವರಲ್ಲಿ ಆ ಕಾಲಕ್ಕೆ ಅವನ ಮನಸ್ಸಿನಲ್ಲಿದ್ದ ಹುಡುಗಿಯೂ ಇದ್ದಾಗ, ಅಣ್ಣ ಕುರ್ಚಿ ಹತ್ತಿ ನಿಂತು ಅವನನ್ನು ಹರಾಜಿಗೆ ಹಾಕಿದ. "ಒಂದೇ ಒಂದು ತಮ್ಮ! ಪೆಟ್ಟಿಗೆಯಿಂದ ಇನ್ನೂ ತೆಗೆದಿಲ್ಲ, ಯಾರೂ ಮುಟ್ಟಿಲ್ಲ! ಕೂಗಿ, ಕೂಗಿ! ಒಂದು ಸಾರಿ! ಎರಡು ಸಾರಿ! ಯಾರೂ ಇಲ್ವಾ?" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹುಡುಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು, ನಕ್ಕು ಅವನ ಕಡೆ ನೋಡಿ ಪಾಪ ಎನ್ನುವ ಹಾಗೆ ತಲೆ ಅಲ್ಲಾಡಿಸಿದಳು. ಅವನೂ ನಕ್ಕ. ನಗದೆ ಏನು ಮಾಡುತ್ತಾನೆ? ಆ ನಗು ಅವನ ದವಡೆಯಲ್ಲಿ ವರ್ಷಗಟ್ಟಲೆ ಹಾಗೆಯೇ ನೋಯುತ್ತ ಉಳಿದುಬಿಟ್ಟಿತು.

"ಸಾರ್, ಇಲ್ಲಿ ಬನ್ನಿ. ಒಂದು ತಮಾಷೆ ಕೇಳಿಸ್ತೀನಿ," ಎಂದು ಲ್ಯಾಬಿನ ಪಕ್ಕದ ಕೋಣೆಯಿಂದ ವೈರಿನವಳು ಕರೆದಳು. ಅವಳು ಹೊಸದಾಗಿ ಬಂದ ಸಹೋದ್ಯೋಗಿ. ನರಗಳಲ್ಲಿ ಓಡುವ ಕರೆಂಟನ್ನು ಅಳೆಯುವವಳು, ಮೇಜಿನ ತುಂಬ ತಂತಿ ಹರಡಿಕೊಂಡಿರುವವಳು. ಅವನು ಬೆಳಿಗ್ಗೆ ವಿಷ ಚುಚ್ಚಿ ಕೊಟ್ಟಿದ್ದ ಒಂದು ಜಿರಲೆಯನ್ನು ಅವಳು ಮೇಣದ ಮೇಲೆ ಕೂರಿಸಿ, ಅದರ ನರಕ್ಕೆ ಕೂದಲೆಳೆಯಂಥ ತಂತಿ ತಾಗಿಸಿ, ಇನ್ನೊಂದು ತುದಿಯನ್ನು ಸಣ್ಣ ಸ್ಪೀಕರಿಗೆ ಜೋಡಿಸಿದ್ದಳು. ಜಿರಲೆ ಅಲುಗುತ್ತಿರಲಿಲ್ಲ. ಚಿಮಟದಿಂದ ಕಾಲು ಹಿಡಿದೆತ್ತಿದರೆ ಎತ್ತಿದಷ್ಟು ಎದ್ದು, ಬಿಟ್ಟರೆ ಬಿತ್ತು. ಅವಳು ಜ್ಯೂಸು ಕುಡಿಯುವ ನಳಿಗೆಯನ್ನು ಬಾಯಲ್ಲಿಟ್ಟುಕೊಂಡು ಜಿರಲೆಯ ಹಿಂಭಾಗದಲ್ಲಿದ್ದ ಎರಡು ಪುಟ್ಟ ಕೊಂಬುಗಳ ಕಡೆಗೆ ಮೆಲ್ಲಗೆ ಊದಿದಳು. ಹಿಂದಿನಿಂದ ಚಪ್ಪಲಿ ಬೀಸಿ ಬಂದರೆ ಆ ಗಾಳಿಯನ್ನು ಜಿರಲೆ ಅರಿಯುವುದು ಆ ಕೊಂಬುಗಳಿಂದಲೇ. ಸ್ಪೀಕರಿನಿಂದ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಸದ್ದು ಎದ್ದಿತು. ಊದುವುದನ್ನು ನಿಲ್ಲಿಸಿದಳು, ಸದ್ದು ನಿಂತಿತು. ಮತ್ತೆ ಊದಿದಳು, ಮತ್ತೆ ಚಟಪಟ.

"ಮೆಷಿನ್ ಸರಿ ಇದೆಯಾ?" ಎಂದು ಅವನು ಕೇಳಿದ.

"ಮೆಷಿನ್ ಸರಿ ಇದೆ, ಜಿರಲೇನೂ ಸರಿ ಇದೆ. ಕಾಲು ಮಾತ್ರ ಮಾತು ಕೇಳ್ತಿಲ್ಲ," ಎಂದು ಅವಳು ನಕ್ಕಳು. "ನಿಮ್ಮ ಯಜಮಾನಿ ವಿಷ, ನರ ಹೋಗಿ ಸ್ನಾಯುವಿಗೆ ಸೇರೋ ಜಾಗದಲ್ಲಿ ಬಾಗಿಲು ಹಾಕುತ್ತೆ. ಹೊರಗೆ ಬರೋ ದಾರಿ ಬಂದ್. ಒಳಗೆ ಹೋಗೋ ದಾರಿ ಪೂರ್ತಿ ಓಪನ್. ಪಾಪ, ಅದು ಓಡು ಓಡು ಅಂತ ಒಳಗೇ ಬಡ್ಕೊಳ್ತಾ ಇದೆ."

ಅವಳು ತಮಾಷೆಗೆ ಇನ್ನೊಮ್ಮೆ ಊದಲು ಹೋದಳು. ಅವನು ಕೈ ಅಡ್ಡ ಹಿಡಿದ. ಅವಳು ವಿಚಿತ್ರವಾಗಿ ಅವನ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಯ ಆಸಾಮಿ ತಾನೇ ಎಂದು ಅವನಿಗೆ ಹೊಳೆದು, ಹಿಡಿದ ಕೈಯಿಂದ ತಲೆ ಕೆರೆದುಕೊಂಡ. ಅಷ್ಟರಲ್ಲಿ ಲ್ಯಾಬಿನ ಮುಖ್ಯಸ್ಥರು ಬಂದು ಸ್ಪೀಕರಿನ ಸದ್ದು ಕೇಳಿ, ಭೇಷ್, ನಮ್ಮ ವಿಷ ಎಲ್ಲಿ ಕೆಲಸ ಮಾಡುತ್ತೆ ಅನ್ನೋದು ಗೊತ್ತಾಯ್ತಲ್ಲ, ಎಂದು ಅವನ ಬೆನ್ನು ತಟ್ಟಿದರು. ಅವನು ಬಚ್ಚಲಿಗೆ ಹೋಗಿ ಕೊಳಾಯಿ ಬಿಟ್ಟುಕೊಂಡು ನಿಂತ.

ಅಣ್ಣ ಬಿದ್ದದ್ದು ಮುಕ್ಕಾಲಿಯ ಮೇಲಿಂದ, ಕೂಗುತ್ತಿದ್ದ ಹಾಗೆಯೇ. ಮೆದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಸ್ಪತ್ರೆಯಿಂದ ಮನೆಗೆ ತಂದಾಗ ಅವನಲ್ಲಿ ಅಲುಗುತ್ತಿದ್ದುದು ರೆಪ್ಪೆಗಳು, ಮತ್ತು ಎತ್ತೆತ್ತಲೋ ಹೋಗುತ್ತಿದ್ದ ಕಣ್ಣುಗುಡ್ಡೆಗಳು. ಡಾಕ್ಟರು, ಒಳಗೆ ಎಷ್ಟು ಉಳಿದಿದೆ ಈಗಲೇ ಹೇಳಕ್ಕಾಗಲ್ಲ, ಎಂದಿದ್ದರು. ಅತ್ತಿಗೆ ಕಾರಿಡಾರಿನಲ್ಲಿ ಅವನ ತೋಳು ಹಿಡಿದು ಏನಂದ್ರು, ಏನಂದ್ರು ಎಂದಾಗ ಅವನು, ಮನೆಯಲ್ಲಿ ಇಂಥದೆಲ್ಲ ಓದಿದವನು ತಾನೊಬ್ಬನೇ ಎನ್ನುವ ಗತ್ತಿನಲ್ಲಿ, ಒಳಗೆ ಯಾರೂ ಇಲ್ಲ ಅತ್ತಿಗೆ, ಮನೆ ಖಾಲಿ, ಎಂದಿದ್ದ. ಆಗ ಅದನ್ನು ಅವನು ನಂಬಿದ್ದನೋ ಇಲ್ಲವೋ ಈಗ ಅವನಿಗೇ ತಿಳಿಯದು. ಬಚ್ಚಲಿನ ಕನ್ನಡಿಯಲ್ಲಿ ಕಂಡ ಮುಖವನ್ನು ಕೇಳಿದರೆ ಅದೂ ಹೇಳಲಿಲ್ಲ.

ಅಣ್ಣನನ್ನು ಮನೆಗೆ ತಂದ ಮೇಲೆ, ಸಂಜೆ ಹೊತ್ತು ಅತ್ತಿಗೆಗೆ ಸ್ವಲ್ಪ ಬಿಡುವಾಗಲಿ ಎಂದು ಅವನು ಅಣ್ಣನ ಪಕ್ಕ ಕೂರತೊಡಗಿದ್ದ. ಮೊದಮೊದಲು ಪೇಪರು ಓದಿ ಹೇಳಿದ. ನಂತರ ಒಂದು ಸಂಜೆ, ಯಾಕೋ ಏನೋ, ಪೇಪರು ಮಡಿಸಿಟ್ಟು, ಅದೇ ಓದುವ ಮೆಲುದನಿಯಲ್ಲಿ, ಅಣ್ಣ, ಅವತ್ತು ಕುರ್ಚಿ ಹತ್ತಿ ನನ್ನನ್ನ ಹರಾಜು ಹಾಕಿದ್ಯಲ್ಲ, ಅವತ್ತಿಂದ ನಿನ್ನ ಮುಖ ಕಂಡ್ರೆ ನಂಗೆ ಆಗಲ್ಲ, ಎಂದ. ಹೇಳಿದ ಕೂಡಲೇ ಎದೆಯ ಮೇಲಿಂದ ಚಪ್ಪಡಿ ಇಳಿಸಿದ ಹಾಗಾಗಿ ಅಳುವೇ ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ಅವನೂ ಮನುಷ್ಯನೇ ಅನ್ನಬಹುದಿತ್ತು. ಹಿಡಿದದ್ದು ಚಟವಾಯಿತು. ಪ್ರತಿ ಸಂಜೆಯೂ ಒಂದೊಂದು ಹನಿ. ಮಾರುಕಟ್ಟೆಯಲ್ಲಿ ನಿನ್ನ ಮುಕ್ಕಾಲಿ ಮೇಲೆ ಬೇರೆಯವನು ನಿಂತಿದಾನೆ, ಅವನ ಧ್ವನೀನೇ ಚೆನ್ನಾಗಿದೆ ಅಂತಾರೆ ಎಲ್ಲರೂ. ಅತ್ತಿಗೆ ಈಗ ನೆಮ್ಮದಿಯಾಗಿ ನಿದ್ದೆ ಮಾಡ್ತಾರೆ, ನಿನ್ನ ಗೊರಕೆ ಇಲ್ವಲ್ಲ. ಇದ್ದದ್ದಕ್ಕೆ ಇಲ್ಲದ್ದು ಸೇರಿಸಿದ. ಗಂಜಿಯ ಕೊಳವೆ ಸರಿಪಡಿಸುತ್ತ, ಹೊದಿಕೆ ಎಳೆಯುತ್ತ, ತುಟಿಯ ಅಂಚಿನ ಜೊಲ್ಲು ಒರೆಸುತ್ತ ಹೇಳಿದ. ಕೈಗಳು ಉಪಚಾರ ಮಾಡುತ್ತಿದ್ದುದರಿಂದ ಬಾಗಿಲಲ್ಲಿ ಹಾದುಹೋಗುವ ಅತ್ತಿಗೆಗೆ ಕಾಣುತ್ತಿದ್ದುದು ಉಪಚಾರವೇ. ಅಕ್ಕಪಕ್ಕದವರು, ತಮ್ಮ ಅಂದ್ರೆ ಹೀಗಿರಬೇಕು, ಎನ್ನುತ್ತಿದ್ದರು. ಒಂದು ಸಂಜೆ ಅವನು ಬಗ್ಗಿ ಅಣ್ಣನ ಕಿವಿಯಲ್ಲಿ ಕೂಗಿದ, ಪಿಸುದನಿಯಲ್ಲಿ ಕೂಗಿದ: "ಒಂದೇ ಒಂದು ಅಣ್ಣ! ಒಂದು ಸಾರಿ. ಎರಡು ಸಾರಿ. ಯಾರೂ ಇಲ್ವಾ?" ಆಗ ಅಣ್ಣನ ಕಣ್ಣಿನಿಂದ ನೀರು ಇಳಿದು ಕಿವಿಯ ಹಳ್ಳದಲ್ಲಿ ನಿಂತಿತು. ಅತ್ತಿಗೆ ಅದನ್ನು ನೋಡಿ ಓಡಿ ಬಂದಳು. ಕಣ್ಣು ಒಣಗಿದ್ರೆ ಹಾಗೇ ನೀರು ಬರುತ್ತೆ ಅತ್ತಿಗೆ, ಡ್ರಾಪ್ಸ್ ಹಾಕ್ಬೇಕು, ಎಂದ ಅವನು. ಔಷಧಿ ತಂದು ಹಾಕಿದ ಕೂಡ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವತ್ತು ಲ್ಯಾಬಿನಿಂದ ಮನೆಗೆ ಹೊರಟ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಅವನು ತಾನು ಆಡಿದ್ದನ್ನೆಲ್ಲ ನೆನಪು ಮಾಡಿಕೊಳ್ಳಲು ನೋಡಿದ. ನೆನಪಿಗೆ ಬಂದದ್ದಕ್ಕಿಂತ ಬಾರದ್ದೇ ಹೆಚ್ಚಿತ್ತು. ಅಣ್ಣನಿಗೆ ಮಾತ್ರ ಒಂದೂ ಮರೆತಿರುವುದಿಲ್ಲ. ಹಗಲೂ ರಾತ್ರಿ ಬೇರೆ ಕೆಲಸವೇ ಇಲ್ಲದ ಮನುಷ್ಯ, ಅದನ್ನೇ ಮೆಲುಕು ಹಾಕಿಕೊಂಡು ಬಿದ್ದಿರುತ್ತಾನೆ. ಕಾಲಿಗೆ ಬಿದ್ದು ತಪ್ಪಾಯಿತು ಅಂದುಬಿಡಲೇ? ಅತ್ತಿಗೆ ಬಚ್ಚಲಿನಲ್ಲಿರುವಾಗ, ಮೇಡಂ ಬರುವುದಕ್ಕೆ ಮುಂಚೆ? ಮನೆಯ ತಿರುವು ಬರುವ ಹೊತ್ತಿಗೆ ಅವನು ಇದನ್ನು ನಿಶ್ಚಯವೇ ಮಾಡಿಕೊಂಡಿದ್ದ. ಆದರೆ ಬಾಗಿಲಲ್ಲಿ ಪರಿಚಯವಿಲ್ಲದ ಒಂದು ಜೊತೆ ಕಪ್ಪು ಷೂ ಇತ್ತು.

ಮೇಡಂ ನಡುವಯಸ್ಸಿನವರು, ತಗ್ಗಿದ ದನಿ, ಕೈಯಲ್ಲೊಂದು ರಟ್ಟಿನ ಹಲಗೆ. ಅದರ ಮೇಲೆ ದೊಡ್ಡ ಅಕ್ಷರಗಳಿದ್ದವು. ಅವರು ಮಂಚದ ಕಾಲಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ನೀವೇ ತಮ್ಮ ಅಲ್ವಾ? ಬನ್ನಿ. ನಿಮಗೋಸ್ಕರವೇ ಕಾಯ್ತಾ ಇದ್ವಿ," ಎಂದರು. "ನಾನು ಬಂದಾಗಿನಿಂದ ಕಣ್ಣು ತೆರೆದೇ ಇದ್ದಾರೆ. ನನ್ನನ್ನೇ ನೋಡ್ತಿದ್ದಾರೆ ಅನ್ನಿಸ್ತು. ಒಳ್ಳೇ ಸೂಚನೆ."

"ನಾನೇ ಹೇಳ್ದೆ, ತಮ್ಮ ಬರಲಿ ಅಂತ," ಎಂದಳು ಅತ್ತಿಗೆ. ಅವಳು ತಲೆ ಬಾಚಿಕೊಂಡಿದ್ದಳು, ಅಣ್ಣನಿಗೂ ಬಾಚಿದ್ದಳು. "ಹೊಸಬರ ಧ್ವನಿ ಅಂದ್ರೆ ಗಾಬರಿ ಆಗ್ತಾರೇನೋ. ದಿನಾ ಸಂಜೆ ಇವನೇ ಪಕ್ಕ ಕೂತು ಮಾತಾಡಿಸೋದು ಮೇಡಂ. ನನಗಿಂತ ಇವನ ಧ್ವನಿಗೇ ಅವರು ಒಗ್ಗಿರೋದು."

"ಹಾಗಾದ್ರೆ ಇವರೇ ಕೇಳಲಿ. ಸುಲಭ ಇದೆ. ಹೌದು ಅಂದ್ರೆ ಕಣ್ಣು ಮೇಲಕ್ಕೆ. ಇಲ್ಲ ಅಂದ್ರೆ ಕೆಳಕ್ಕೆ. ನಿಧಾನವಾಗಿ ಕೇಳಿ, ಕಾಯಿರಿ."

ಅವನು ಹೋಗಿ ತಲೆದಿಂಬಿನ ಪಕ್ಕ ನಿಂತ. ಅಣ್ಣನ ಕಣ್ಣುಗಳು ಮೇಡಂ ಕಡೆಗಿದ್ದವು, ಹಸಿದವನ ಕಣ್ಣುಗಳು. "ಅಣ್ಣ," ಎಂದ ಅವನು. ಕಣ್ಣುಗಳು ಮುಚ್ಚಿಕೊಂಡವು.

"ಅಣ್ಣ, ಇಲ್ಲಿ ನಿಂತಿರೋದು ಅತ್ತಿಗೆನಾ? ಹೌದು ಅಂದ್ರೆ ಮೇಲೆ ನೋಡು." ಕಾದರು. "ನೀನು ಮಾರುಕಟ್ಟೆಯಲ್ಲಿ ಹರಾಜು ಕೂಗ್ತಿದ್ಯಾ?" ಮುಚ್ಚಿದ ಕಣ್ಣು ಮುಚ್ಚಿದಂತೆಯೇ ಇತ್ತು. ಅವನು ಇನ್ನೂ ಬಗ್ಗಿದ. ಅಷ್ಟು ಹತ್ತಿರದಿಂದ ನೋಡಿದಾಗ ಅವನಿಗೆ ಕಂಡಿತು: ರೆಪ್ಪೆಗಳು ನಿದ್ದೆಯವನ ರೆಪ್ಪೆಗಳ ಹಾಗೆ ಸಡಿಲವಾಗಿರಲಿಲ್ಲ. ಅವು ಬಿಗಿದಿದ್ದವು. ಕಣ್ಣಿನ ಕೊನೆಯಲ್ಲಿ ಸುಕ್ಕುಗಳು ಒತ್ತೊತ್ತಾಗಿ ಕೂಡಿದ್ದವು. ಇಡೀ ಮೈಯಲ್ಲಿ ಉಳಿದಿದ್ದ ಅಷ್ಟೂ ಬಲವನ್ನು ಒಟ್ಟು ಮಾಡಿ ಅಣ್ಣ ಒಂದೇ ಕೆಲಸ ಮಾಡುತ್ತಿದ್ದ, ತಮ್ಮನನ್ನು ನೋಡದಿರುವ ಕೆಲಸ. ಇನ್ನು ಸಂಶಯಕ್ಕೆ ಎಡೆಯಿರಲಿಲ್ಲ. ಒಳಗೆ ಅಣ್ಣ ಇದ್ದ, ಮೊದಲ ದಿನದಿಂದಲೂ ಇದ್ದ. ಕಾಲಬುಡದಲ್ಲಿದ್ದ ಮೇಡಂಗೂ ಆ ಬದಿಯಲ್ಲಿದ್ದ ಅತ್ತಿಗೆಗೂ ತನ್ನ ಭುಜ ಅಡ್ಡ ಬಂದಿದೆ ಎಂದು ಅವನಿಗೆ ಗೊತ್ತಾಯಿತು. ಅವನು ಭುಜ ಸರಿಸಲಿಲ್ಲ.

"ಸ್ಪಂದಿಸ್ತಾ ಇಲ್ಲ," ಎಂದರು ಮೇಡಂ, ಸ್ವಲ್ಪ ಹೊತ್ತಾದ ಮೇಲೆ. ಅವರ ದನಿಯಲ್ಲಿ ಅರೆಮನಸ್ಸಿತ್ತು. "ಬೇರೆ ಯಾರಾದ್ರೂ ಕೇಳಿ ನೋಡೋಣ್ವಾ? ಇವರ ಮನೆಯವರು ಕೇಳಲಿ ಒಂದ್ಸಲ."

ಅತ್ತಿಗೆ ಬಾಯಿ ತೆರೆದಳು. ಅದಕ್ಕೂ ಮುಂಚೆ ಅವನು ಮಾತಾಡಿಬಿಟ್ಟಿದ್ದ. "ಬೇಡ ಮೇಡಂ. ಅತ್ತಿಗೆ ಕೇಳಿ, ಅಣ್ಣ ಕಣ್ಣು ಬಿಡದೆ ಇದ್ರೆ ಅದನ್ನ ಇವರು ತಡ್ಕೊಳ್ಳಲ್ಲ. ನಾನೂ ನರಗಳ ಮೇಲೇ ಕೆಲಸ ಮಾಡೋನು. ದಿನಾ ನೋಡ್ತಾ ಇದೀನಿ. ಕಣ್ಣು ತೆರೆಯೋದು ಮುಚ್ಚೋದು ಎಲ್ಲಾ ತಾನಾಗೇ ಆಗೋದು. ಇದರಲ್ಲಿ ಅರ್ಥ ಹುಡುಕಬಾರದು."

ಎಷ್ಟು ಮೃದುವಾಗಿ ಹೇಳಿದ! ಅಷ್ಟು ಸಂಜೆಗಳಿಂದ ಪಳಗಿದ ದನಿ ಅದು. ಮೇಡಂ ಅವನ ಮುಖ ನೋಡಿದರು, ಅತ್ತಿಗೆಯನ್ನು ನೋಡಿದರು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದ್ದಳು. ಅವಳು ಯಾವತ್ತೂ ಓದಿದ ಮೈದುನನ ಮಾತು ಮೀರಿದವಳಲ್ಲ. ಮೇಡಂ ನಿಟ್ಟುಸಿರಿಟ್ಟು ಅಕ್ಷರದ ಹಲಗೆಯನ್ನು ಚೀಲಕ್ಕೆ ಸೇರಿಸಿದರು. ವಾರ್ಡಿನ ಗಾಡಿ ಸೋಮವಾರ ಬರುತ್ತದೆ, ಬಟ್ಟೆ ಎರಡು ಜೊತೆ ಸಾಕು, ಅಲ್ಲಿ ಎಲ್ಲ ಅವರೇ ನೋಡಿಕೊಳ್ಳುತ್ತಾರೆ, ಎಂದು ಮೆಲ್ಲಗೆ ಹೇಳಿದರು.

ಅವರನ್ನು ಗೇಟಿನವರೆಗೆ ಬಿಟ್ಟುಬರಲು ಹೊರಟ ಅತ್ತಿಗೆ ಬಾಗಿಲಲ್ಲಿ ತಿರುಗಿ ನಿಂತಳು. ಮೂಗು ಒರೆಸಿಕೊಂಡಳು. "ನೀನು ಕೂತಿರು. ಏನಾದ್ರೂ ಮಾತಾಡಿಸ್ತಾ ಇರು ಅವರನ್ನ. ತಿಳೀಲಿ ಬಿಡಲಿ, ನಿನ್ನ ಧ್ವನಿ ಇದ್ರೆ ಅವರಿಗೆ ಒಂದು ನೆಮ್ಮದಿ."

ಅವನು ಕೂತ. ಹೆಜ್ಜೆಗಳು ದೂರವಾದ ಮೇಲೆ ಅಣ್ಣ ಕಣ್ಣು ತೆರೆದ. ಮೇಡಂ ಕೂತಿದ್ದ ಖಾಲಿ ಕುರ್ಚಿಯನ್ನು ನೋಡಿದ, ಬಾಗಿಲನ್ನು ನೋಡಿದ, ಆಮೇಲೆ, ಬೇರೆ ಯಾರೂ ಇಲ್ಲದ್ದರಿಂದ, ತಮ್ಮನನ್ನು ನೋಡಿದ. ಬೇರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ ಎಂದು ಅಣ್ಣ ನಂಬಿದ್ದಿರಬೇಕು. ಹೆಂಡತಿ ಕೇಳುತ್ತಾಳೆ ಎಂದು ಕಾದಿರಬೇಕು. ಕಣ್ಣಿನಲ್ಲಿ ಕೋಪ ಇರಲಿಲ್ಲ, ಕೋಪವಿದ್ದಿದ್ದರೆ ಎಷ್ಟೋ ವಾಸಿಯಾಗಿತ್ತು. ಕಿಟಕಿಯಾಚೆ ಗೇಟಿನ ಬಳಿ ಇಬ್ಬರು ಹೆಂಗಸರ ಮಾತು ಇನ್ನೂ ಕೇಳಿಸುತ್ತಿತ್ತು. ಒಂದು ಕೂಗು ಹಾಕಿದರೆ ಸಾಕು, ಮೇಡಂ ಚೀಲ ಸಮೇತ ಓಡಿ ಬರುತ್ತಿದ್ದರು.

ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಅವನ ಬಾಯಿಗೆ ಬರಲಿಲ್ಲ. "ಅಣ್ಣ," ಎಂದ. "ಅತ್ತಿಗೆನ ಕರೀಲಾ?"

ಅಣ್ಣನ ಕಣ್ಣು ಮೇಲಕ್ಕೆ ಹೋಯಿತು. ಬಿಳಿ ಮಾತ್ರ ಕಾಣುವಷ್ಟು ಮೇಲಕ್ಕೆ, ಸೂರಿನ ಕಡೆಗೆ. ಹಣೆಯ ನರ ಉಬ್ಬಿತು. ತಪ್ಪು ತಿಳಿದುಕೊಳ್ಳಲು ಯಾರಿಗೂ ಸಾಧ್ಯವಿಲ್ಲದ ಹಾಗೆ ಅವನು ಕಣ್ಣನ್ನು ಅಲ್ಲೇ ಹಿಡಿದಿಟ್ಟ, ಇಳಿಸಲಿಲ್ಲ.

ತಮ್ಮ ಎದ್ದು ಹೋಗಿ ಕಿಟಕಿ ಮುಚ್ಚಿದ. ಚಿಲಕ ಹಾಕಿ, ಪರದೆ ಎಳೆದು, ಬಂದು ಮತ್ತೆ ಕುರ್ಚಿಯಲ್ಲಿ ಕೂತ. ಅಣ್ಣನ ಕಣ್ಣು ಇನ್ನೂ ಮೇಲೆಯೇ ಇತ್ತು.